ಅಹವಾಲು ಕೇಳಿದ ಅಧಿಕಾರಿ, ಕಥೆ ಹೇಳಿದ ಶ್ರೀನಿವಾಸ

ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕಿನಲ್ಲಿ ಮಾಸ್ತಿ ಎಂಬ ಊರಿದೆ. ತಮಿಳುನಾಡಿನ ಗಡಿಗೆ ಸಮೀಪದ ಈ ಊರಿನ ಹೆಸರು ಕನ್ನಡಿಗರ ಕಿವಿಗೆ ಬಿದ್ದೊಡನೆ ನೆನಪಾಗುವುದು ಊರಲ್ಲ, ಒಬ್ಬ ವ್ಯಕ್ತಿ. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಕನ್ನಡದ ಸಣ್ಣಕಥೆಗೆ ಭದ್ರವಾದ ಬುನಾದಿ ಹಾಕಿದವರು, ಜ್ಞಾನಪೀಠ ಪುರಸ್ಕೃತರು, ಕನ್ನಡದ ಆಸ್ತಿ ಎಂದೇ ನಾಡು ಕೊಂಡಾಡಿದ ಹಿರಿಯರು. ಇಷ್ಟನ್ನು ಶಾಲೆಯ ಮಕ್ಕಳೂ ಬಲ್ಲರು. ಅವರ ಬದುಕಿನ ಇನ್ನೊಂದು ಮುಖ ಅಷ್ಟಾಗಿ ಚರ್ಚೆಗೆ ಬಂದಿಲ್ಲ. ಸುಮಾರು ಮೂರು ದಶಕಗಳ ಕಾಲ ಅವರು ಮೈಸೂರು ಸಂಸ್ಥಾನದ ಅಧಿಕಾರಿಯಾಗಿದ್ದರು. ಜನರ ದೂರು, ದರಖಾಸ್ತು, ಮನವಿಗಳನ್ನು ಕೇಳುವುದೇ ಅವರ ಹೊಟ್ಟೆಪಾಡಿನ ಕೆಲಸವಾಗಿತ್ತು.

ಪರರ ಕಷ್ಟವನ್ನು ಕೇಳುವುದನ್ನೇ ವೃತ್ತಿಯಾಗಿ ಉಳ್ಳವನು ಆ ಕಷ್ಟದ ಕಥೆಯನ್ನು ಏನು ಮಾಡಬೇಕು? ಇಂದು ಈ ಪ್ರಶ್ನೆ ಹೆಚ್ಚಾಗಿ ಎದುರಾಗುತ್ತಿರುವುದು ವಕೀಲರಿಗೆ. ತಾವು ನಡೆಸಿದ ಮೊಕದ್ದಮೆ, ಗೆದ್ದ ಕಕ್ಷಿದಾರನ ಕಣ್ಣೀರು, ತಾವು ಮೇಲೆ ಬಂದ ಬಗೆ ಇವೆಲ್ಲವನ್ನೂ ಕಥೆಯಾಗಿಸಿ ಹೊಸ ಕಕ್ಷಿದಾರರನ್ನು ಸೆಳೆಯುವ ರೂಢಿ ಮೊಬೈಲ್ ಪರದೆಯ ಮೇಲೆ ಬೆಳೆಯುತ್ತಿದೆ. ಮಾಸ್ತಿಯವರು ವಕೀಲರಲ್ಲ. ಆದರೂ ಇದೇ ಪ್ರಶ್ನೆಗೆ ತಮ್ಮ ಬದುಕಿನಿಂದ ಉತ್ತರ ಕೊಟ್ಟವರಲ್ಲಿ ಅವರು ಪ್ರಮುಖರು.

ಬಡತನದಿಂದ ಅಧಿಕಾರಕ್ಕೆ

ಮಾಸ್ತಿಯವರು ಜನಿಸಿದ್ದು 1891ರ ಜೂನ್ 6ರಂದು, ಮಾಲೂರು ತಾಲ್ಲೂಕಿನ ಹೊಂಗೇನಹಳ್ಳಿಯಲ್ಲಿ. ತಂದೆ ರಾಮಸ್ವಾಮಿ ಅಯ್ಯಂಗಾರ್, ತಾಯಿ ತಿರುಮಲಮ್ಮ. ಹಿಂದೊಮ್ಮೆ ಸ್ಥಿತಿವಂತವಾಗಿದ್ದ ಮನೆತನ ಅವರು ಹುಟ್ಟುವ ವೇಳೆಗೆ ಬಡತನಕ್ಕೆ ಇಳಿದಿತ್ತು. ಮನೆಯಲ್ಲಿ ಆಡುತ್ತಿದ್ದ ಮಾತು ತಮಿಳು, ನೆರೆಹೊರೆಯಲ್ಲಿ ಕನ್ನಡ. ಕೋಲಾರ ಸೀಮೆಯ ಸಂತೆಗಳಲ್ಲಿ ತೆಲುಗೂ ಧಾರಾಳ. ಮುಳಬಾಗಿಲು, ಶ್ರೀನಿವಾಸಪುರಗಳ ಕಡೆ ಇಂದಿಗೂ ಒಂದೇ ವಾಕ್ಯದಲ್ಲಿ ಎರಡು ಭಾಷೆಗಳು ಬೆರೆಯುತ್ತವೆ. ಇಂಥ ನೆಲದಲ್ಲಿ ಬೆಳೆದ ಹುಡುಗನಿಗೆ ಮಾತಿನ ಅರ್ಥದ ಜೊತೆಗೆ ಅದರ ಧಾಟಿಯನ್ನೂ ಗಮನಿಸುವ ಅಭ್ಯಾಸ ಬಂದದ್ದು ಸಹಜವೇ ಆಗಿದೆ. ಅವರಿಗಿಂತ ನಾಲ್ಕು ವರ್ಷ ಮೊದಲು, 1887ರಲ್ಲಿ, ಇದೇ ಸೀಮೆಯ ಮುಳಬಾಗಿಲಿನಲ್ಲಿ ಡಿ.ವಿ. ಗುಂಡಪ್ಪನವರು ಜನಿಸಿದ್ದರು ಎಂಬುದನ್ನು ಇಲ್ಲಿ ನೆನೆಯಬಹುದು.

ಓದಿಗಾಗಿ ಮಾಸ್ತಿಯವರು ಊರಿಂದೂರಿಗೆ ಅಲೆದರು. ಮೈಸೂರು, ಬೆಂಗಳೂರುಗಳಲ್ಲಿ ಕಲಿತು, ಮದರಾಸಿನಲ್ಲಿ ಇಂಗ್ಲಿಷ್ ಸಾಹಿತ್ಯದ ಎಂ.ಎ. ಪದವಿಯನ್ನು 1914ರಲ್ಲಿ ಚಿನ್ನದ ಪದಕದೊಂದಿಗೆ ಪಡೆದರು. ಮೈಸೂರು ಸಿವಿಲ್ ಸರ್ವಿಸ್ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಅದೇ ಅವಧಿಯಲ್ಲಿ ಅಸಿಸ್ಟೆಂಟ್ ಕಮಿಷನರ್ ಆಗಿ ಸೇವೆಗೆ ಸೇರಿದರು. ಮುಂದೆ ಸಂಸ್ಥಾನದ ಹಲವು ಕಡೆ ಕೆಲಸ ಮಾಡಿ, ಜಿಲ್ಲೆಯ ಡೆಪ್ಯುಟಿ ಕಮಿಷನರ್ ಹುದ್ದೆಯನ್ನೂ ಅಬಕಾರಿ ಕಮಿಷನರ್ ಹುದ್ದೆಯನ್ನೂ ನಿರ್ವಹಿಸಿದರು.

ಮೊಕ್ಕಾಮಿನ ನೆರಳಿನಲ್ಲಿ

ಆ ಕಾಲದ ಕಂದಾಯ ಅಧಿಕಾರಿಯ ಕೆಲಸ ಹೇಗಿತ್ತೆಂಬುದನ್ನು ಇಂದಿನ ಓದುಗರು ಊಹಿಸಿಕೊಳ್ಳಬೇಕು. ಆಡಳಿತ ಮತ್ತು ನ್ಯಾಯಗಳ ನಡುವಿನ ಗೆರೆ ಆಗ ತೆಳುವಾಗಿತ್ತು. ಕಂದಾಯ ವಸೂಲಿ ಮಾಡುವ ಅಧಿಕಾರಿಯೇ ಮ್ಯಾಜಿಸ್ಟ್ರೇಟ್ ಆಗಿ ಸಣ್ಣಪುಟ್ಟ ಅಪರಾಧಗಳ ವಿಚಾರಣೆಯನ್ನೂ ನಡೆಸುತ್ತಿದ್ದ. ದೇಶದಾದ್ಯಂತ ಈ ಎರಡು ಅಧಿಕಾರಗಳನ್ನು ಬಹುಮಟ್ಟಿಗೆ ಬೇರ್ಪಡಿಸಿದ ದಂಡ ಪ್ರಕ್ರಿಯಾ ಸಂಹಿತೆ ಜಾರಿಗೆ ಬಂದದ್ದು 1974ರ ಏಪ್ರಿಲ್ 1ರಂದು. ಅಲ್ಲಿಯವರೆಗೆ ಹಳ್ಳಿಯ ರೈತನಿಗೆ ಸರ್ಕಾರವೂ ನ್ಯಾಯವೂ ಹೆಚ್ಚುಕಡಿಮೆ ಒಂದೇ ಮುಖದಲ್ಲಿ ಕಾಣುತ್ತಿದ್ದವು.

ಅಧಿಕಾರಿ ಊರಿಗೆ ಮೊಕ್ಕಾಂ ಬಂದರೆ ಜನ ನೆರೆಯುತ್ತಿದ್ದರು. ಜಮಾಬಂದಿಯ ದಿನ ಪಟೇಲ, ಶಾನುಭೋಗರು ಲೆಕ್ಕದ ಕಡತ ಹಿಡಿದು ನಿಲ್ಲುತ್ತಿದ್ದರು. ಬದುವಿನ ಜಗಳ, ಖಾತೆಯ ತಕರಾರು, ಕೆರೆಯ ನೀರಿನ ಸರದಿ, ಅಣ್ಣತಮ್ಮಂದಿರ ಪಾಲು, ಗಂಡ ಬಿಟ್ಟವಳ ಗೋಳು, ಸಾಲಗಾರನ ಕಿರುಕುಳ ಎಲ್ಲವೂ ಅಲ್ಲಿಗೆ ಬರುತ್ತಿದ್ದವು. ಬಂದವನು ವಿಷಯವನ್ನು ನೇರವಾಗಿ ಹೇಳುವುದು ಅಪರೂಪ. ಅಜ್ಜನ ಕಾಲದಿಂದ ಆರಂಭಿಸಿ, ನಡುವೆ ಊರಿನ ಜಾತ್ರೆಯನ್ನು ತಂದು, ಕೊನೆಗೆ ತನ್ನ ದೂರಿಗೆ ಬರುತ್ತಾನೆ. ಕಡತಕ್ಕೆ ಬೇಕಾದದ್ದು ಅವನ ಮಾತಿನ ಹತ್ತರಲ್ಲಿ ಒಂದು ಪಾಲು. ಉಳಿದದ್ದು ಅಧಿಕಾರಿಯ ಕಿವಿಯಲ್ಲಿ ಉಳಿದುಬಿಡುತ್ತದೆ. ಇಂಥ ವ್ಯವಸ್ಥೆಯಲ್ಲಿ ಮಾಸ್ತಿಯವರು ಸುಮಾರು 29 ವರ್ಷ ದುಡಿದರು.

ಕೇಳುವವನ ಕಥೆಗಳು

ಅವರ ಮೊದಲ ಕಥೆ 'ರಂಗನ ಮದುವೆ' ರಚನೆಯಾದದ್ದು 1910ರಲ್ಲಿ, ಸೇವೆಗೆ ಸೇರುವ ಮೊದಲೇ. 'ಕೆಲವು ಸಣ್ಣ ಕಥೆಗಳು' ಸಂಕಲನ 1920ರಲ್ಲಿ ಹೊರಬಂತು. ಅಧಿಕಾರಿಯ ಹೆಸರು ಆ ಕಥೆಗಳ ಮೇಲೆ ಇರಲಿಲ್ಲ. 'ಶ್ರೀನಿವಾಸ' ಎಂಬ ಕಾವ್ಯನಾಮದಲ್ಲಿ ಅವರು ಬರೆದರು. ಕಚೇರಿಯಲ್ಲಿ ಕುಳಿತು ತೀರ್ಮಾನ ಕೊಡುವವರು ವೆಂಕಟೇಶ ಅಯ್ಯಂಗಾರ್, ಕಥೆ ಹೇಳುವವನು ಶ್ರೀನಿವಾಸ. ಇಬ್ಬರೂ ಒಬ್ಬರೇ ಎಂಬುದು ಎಲ್ಲರಿಗೂ ತಿಳಿದ ಮೇಲೂ ಆ ಹೆಸರನ್ನು ಅವರು ಕೈಬಿಡಲಿಲ್ಲ.

'ರಂಗನ ಮದುವೆ'ಯ ಹಂದರವನ್ನು ನ್ಯಾಯಾಲಯದ ಅನುಭವವಿರುವ ಓದುಗರು ವಿಶೇಷ ಕುತೂಹಲದಿಂದ ಗಮನಿಸಬಹುದು. ಬೆಂಗಳೂರಿನಲ್ಲಿ ಓದಿ ಹೊಸಹಳ್ಳಿಗೆ ಮರಳಿದ ರಂಗನಿಗೆ ಮದುವೆಯ ಬಯಕೆ ಹುಟ್ಟಿಸಲು ಕಥೆಯ ನಿರೂಪಕ ಒಂದು ಸಣ್ಣ ಸಂಚು ಹೂಡುತ್ತಾನೆ. ಊರಿನ ಶಾಸ್ತ್ರಿಗಳಿಗೆ ಏನು ಹೇಳಬೇಕೆಂದು ಮುಂಚಿತವಾಗಿಯೇ ತಿಳಿಸಿ, ಬಳಿಕ ರಂಗನನ್ನು ಅವರ ಬಳಿಗೆ ಕರೆದೊಯ್ಯುತ್ತಾನೆ. ಹೇಳಿಕೊಟ್ಟ ಸಾಕ್ಷಿಯ ಬಲ ಎಂಥದು, ಅದನ್ನು ನಂಬುವವನ ಮನಸ್ಸು ಹೇಗೆ ಅಣಿಯಾಗಿರುತ್ತದೆ ಎಂಬುದನ್ನು ಹತ್ತೊಂಬತ್ತರ ಯುವಕ ನಗುನಗುತ್ತ ತೋರಿಸಿದ್ದ. ಈ ಕಥೆ ಮುಂದೆ ಇಂಗ್ಲಿಷ್ ಅನುವಾದದಲ್ಲಿ ಎನ್‌ಸಿಇಆರ್‌ಟಿಯ 11ನೇ ತರಗತಿಯ ಪಠ್ಯವನ್ನೂ ಸೇರಿತು.

ಮಾಸ್ತಿಯವರ ಅನೇಕ ಕಥೆಗಳಲ್ಲಿ ನಿರೂಪಕ ಒಬ್ಬ ಕೇಳುಗ. ಯಾರೋ ಬಂದು ಹೇಳುತ್ತಾರೆ, ಅವನು ಕೇಳುತ್ತಾನೆ, ಕೇಳಿದ್ದನ್ನು ನಮಗೆ ಹೇಳುತ್ತಾನೆ. 'ಗೌತಮಿ ಹೇಳಿದ ಕಥೆ' ಎಂಬ ಹೆಸರಿನಲ್ಲೇ ಹೇಳುವವರು ಬೇರೆ, ಬರೆಯುವವರು ಬೇರೆ ಎಂಬುದು ಸ್ಪಷ್ಟವಾಗಿದೆ. 'ಮೊಸರಿನ ಮಂಗಮ್ಮ'ದಲ್ಲಿ ಹಳ್ಳಿಯಿಂದ ಬೆಂಗಳೂರಿಗೆ ಮೊಸರು ಮಾರಲು ಬರುವ ಹೆಂಗಸು ಬುಟ್ಟಿ ಇಳಿಸಿ, ಮನೆಯ ಒಡತಿಯ ಮುಂದೆ ತನ್ನ ಸೊಸೆಯ ಮೇಲಿನ ದೂರನ್ನು ತೋಡಿಕೊಳ್ಳುತ್ತಾಳೆ. ಸೊಸೆ ಮೊಮ್ಮಗನನ್ನು ಹೊಡೆದಳೆಂಬುದು ಜಗಳದ ನೆಪ. ಅದು ಬೇರೆ ಒಲೆ ಹೂಡುವವರೆಗೆ ಬೆಳೆಯುತ್ತದೆ. ಕೇಳುವಾಕೆ ತೀರ್ಪು ಕೊಡುವುದಿಲ್ಲ. ಅತ್ತೆಗೂ ಸೊಸೆಗೂ ಒಬ್ಬನೇ ಗಂಡಸಿನ ಮೇಲಿರುವ ಹಕ್ಕಿನ ಹಂಬಲವೇ ಜಗಳದ ಬೇರು ಎಂಬುದು ಓದುಗನಿಗೆ ತಾನಾಗಿ ಹೊಳೆಯುತ್ತದೆ. ಈ ಮಂಗಮ್ಮ ಹಿಂದಿಗೆ ಹೋಗಿ ಬಿಹಾರದ ಹತ್ತನೇ ತರಗತಿಯ ಪಠ್ಯದಲ್ಲಿ ಸ್ಥಾನ ಪಡೆದಳು. ಬೆಂಗಳೂರನ್ನು ಕಾಣದ ಮಕ್ಕಳು ಅವಳ ಸಂಕಟವನ್ನು ಬಲ್ಲವರಾದರು.

'ವೆಂಕಟಿಗನ ಹೆಂಡತಿ' ಇನ್ನೂ ಕಠಿಣವಾದ ವಿಷಯವನ್ನು ಕೈಗೆತ್ತಿಕೊಳ್ಳುತ್ತದೆ. ಬಡವನೊಬ್ಬನ ಹೆಂಡತಿ ಉಳ್ಳವನೊಬ್ಬನ ಆಸೆಗೆ ಸಿಕ್ಕಿ ಮನೆ ಬಿಡುತ್ತಾಳೆ. ಕಾನೂನಿನ ಕಣ್ಣಿನಲ್ಲಿ ಅದು ಆಗ ನೇರವಾದ ಅಪರಾಧ. 1860ರ ದಂಡ ಸಂಹಿತೆಯ 497ನೇ ಕಲಂ ಪರಸ್ತ್ರೀ ಸಂಗ ಮಾಡಿದ ಗಂಡಸಿಗೆ ಐದು ವರ್ಷದವರೆಗೆ ಶಿಕ್ಷೆ ವಿಧಿಸುತ್ತಿತ್ತು. ಸುಪ್ರೀಂ ಕೋರ್ಟು ಆ ಕಲಮನ್ನು ರದ್ದುಪಡಿಸಿದ್ದು 2018ರಲ್ಲಿ. ಫಿರ್ಯಾದಿಯಾಗಿ ಕಟಕಟೆಯ ಮುಂದೆ ನಿಲ್ಲಬಹುದಾಗಿದ್ದ ಗಂಡನನ್ನು ಮಾಸ್ತಿಯವರು ಕ್ಷಮಿಸಬಲ್ಲ ಮನುಷ್ಯನನ್ನಾಗಿ ಕಂಡರು. ದಾವೆಯ ಕಾಗದದಲ್ಲಿ ಹಿಡಿಸದ ಸಂಗತಿ ಕಥೆಯಲ್ಲಿ ಹಿಡಿಸಿತು.

ಇಲ್ಲಿ ಗಮನಿಸಬೇಕಾದ ಮುಖ್ಯ ಅಂಶವೊಂದಿದೆ. ಮಾಸ್ತಿಯವರ ಸಣ್ಣಕಥೆಗಳಲ್ಲಿ ಬರುವ ರೈತ, ಮುದುಕಿ, ಹೆಂಗಸು, ಹುಡುಗರಲ್ಲಿ ಯಾರನ್ನೂ ಇಂಥ ಕಡತದ ಇಂಥ ಅರ್ಜಿದಾರ ಎಂದು ಬೆರಳಿಟ್ಟು ತೋರಿಸಲು ಬರುವುದಿಲ್ಲ. ತಾವು ನೀಡಿದ ಒಳ್ಳೆಯ ತೀರ್ಮಾನದ ಬಡಾಯಿಯೂ ಅವುಗಳಲ್ಲಿ ಇಲ್ಲ. ಅಧಿಕಾರಿ ಬಂದು ನ್ಯಾಯ ಕೊಡಿಸಿದ, ಬಡವ ಕೈಮುಗಿದ ಎಂಬ ಸಿದ್ಧ ಮಾದರಿಯನ್ನು ಅವರು ಒಪ್ಪಲಿಲ್ಲ. ಕೇಳಿದವನ ಹಿರಿಮೆ ಹಿಂದೆ ಸರಿದು, ಹೇಳಿದವನ ಬಾಳು ಮುಂದೆ ಬಂತು.

ಎಲ್ಲ ಪಕ್ಷಗಳ ವಾದ

ನ್ಯಾಯಪೀಠದ ಶಿಸ್ತು ಅವರ ಕಾದಂಬರಿಗಳಲ್ಲಿಯೂ ಕಾಣುತ್ತದೆ. 1956ರಲ್ಲಿ ಪ್ರಕಟವಾದ 'ಚಿಕವೀರ ರಾಜೇಂದ್ರ' ಕೊಡಗಿನ ಕೊನೆಯ ಅರಸನ ಕಥೆ. 1834ರಲ್ಲಿ ಬ್ರಿಟಿಷರು ಅವನನ್ನು ಪದಚ್ಯುತಗೊಳಿಸಿದರು. ಮುಂದೆ ಅವನು ಇಂಗ್ಲೆಂಡಿಗೆ ಹೋಗಿ, ತನ್ನ ಹಣಕ್ಕಾಗಿ ಈಸ್ಟ್ ಇಂಡಿಯಾ ಕಂಪನಿಯ ಮೇಲೆ ಅಲ್ಲಿನ ನ್ಯಾಯಾಲಯದಲ್ಲಿ ದಾವೆ ಹೂಡಿ, 1859ರಲ್ಲಿ ಲಂಡನ್ನಿನಲ್ಲಿಯೇ ತೀರಿಕೊಂಡದ್ದು ಇತಿಹಾಸ. ಇಂಥ ಅರಸನನ್ನು ದುಷ್ಟನೆಂದು ಚಿತ್ರಿಸಿ ಕೈತೊಳೆದುಕೊಳ್ಳುವುದು ಸುಲಭ. ಕಂಪನಿಯ ಮೋಸಕ್ಕೆ ಬಲಿಯಾದ ಸಾಧುವೆಂದು ಹಾಡಿಹೊಗಳುವುದೂ ಸುಲಭ. ಮಾಸ್ತಿಯವರು ಎರಡನ್ನೂ ಮಾಡಲಿಲ್ಲ. ಅರಸನ ಕ್ರೌರ್ಯ, ರಾಣಿ ಗೌರಮ್ಮನ ತಾಳ್ಮೆ, ಮಂತ್ರಿ ಬೋಪಣ್ಣನ ಇಕ್ಕಟ್ಟು, ಕುಂಟ ಬಸವನ ನಿಷ್ಠೆ ಮತ್ತು ದ್ವೇಷ, ಬ್ರಿಟಿಷರ ಲೆಕ್ಕಾಚಾರ ಎಲ್ಲಕ್ಕೂ ಅಹವಾಲಿನ ಅವಕಾಶವಿತ್ತರು. ಇದೇ ಕೃತಿಗಾಗಿ 1983ರ ಜ್ಞಾನಪೀಠ ಪ್ರಶಸ್ತಿ ಅವರಿಗೆ ಸಂದಿತು. ಕುವೆಂಪು, ಬೇಂದ್ರೆ, ಕಾರಂತರ ನಂತರ ಕನ್ನಡಕ್ಕೆ ಬಂದ ನಾಲ್ಕನೆಯ ಜ್ಞಾನಪೀಠ ಅದು.

ಈ ಸಮದೃಷ್ಟಿಯನ್ನು ಎಲ್ಲರೂ ಮೆಚ್ಚಿದರೆಂದಲ್ಲ. ಮಾಸ್ತಿಯವರ ಲೋಕದಲ್ಲಿ ನೋವಿದೆ, ಆದರೆ ಸಿಟ್ಟು ಸಾಲದು ಎಂದು ಮುಂದಿನ ಪೀಳಿಗೆಯ ಕೆಲವು ವಿಮರ್ಶಕರು ಆಕ್ಷೇಪಿಸಿದರು. ಅರಸೊತ್ತಿಗೆಯ ಅಧಿಕಾರಿಯ ಕಣ್ಣಿಗೆ ವ್ಯವಸ್ಥೆಯ ಅನ್ಯಾಯ ಮೃದುವಾಗಿ ಕಂಡಿತೆಂಬ ಮಾತಿನಲ್ಲಿ ಹುರುಳಿಲ್ಲದಿಲ್ಲ. ಕೇಳುವ ಕುರ್ಚಿಯಲ್ಲಿ ಕುಳಿತವನಿಗೆ ನಿಂತು ಹೇಳುವವನ ಕಾಲುನೋವು ಪೂರ್ತಿ ತಿಳಿಯದು. ಆದರೆ ನಿಂತವನ ಮಾತನ್ನು ತಿರುಚಿ ತನ್ನ ಕೀರ್ತಿಗೆ ಬಳಸಿದ ಆರೋಪಕ್ಕೆ ಮಾಸ್ತಿಯವರು ಗುರಿಯಾಗಲಿಲ್ಲ.

ತಮ್ಮ ಸರದಿ ಬಂದಾಗ

1943ರಲ್ಲಿ ಅವರ ಬದುಕಿನಲ್ಲಿ ಒಂದು ಕಹಿ ಪ್ರಸಂಗ ನಡೆಯಿತು. ಅದಕ್ಕೆ ಸ್ವಲ್ಪ ಮುಂಚೆಯಷ್ಟೇ 'ರಾಜಸೇವಾಪ್ರಸಕ್ತ' ಬಿರುದು ಅರಮನೆಯಿಂದ ದೊರೆತಿತ್ತು. ಆದರೆ ತಮಗೆ ಸಲ್ಲಬೇಕಾಗಿದ್ದ ಉನ್ನತ ಸ್ಥಾನ ತಮಗಿಂತ ಕಿರಿಯರಾದ ಅಧಿಕಾರಿಗೆ ಹೋದಾಗ, ನಿವೃತ್ತಿಗೆ ಇನ್ನೂ ಕಾಲವಿರುವಾಗಲೇ ಮಾಸ್ತಿಯವರು ರಾಜೀನಾಮೆ ಕೊಟ್ಟು ಹೊರಬಂದರು. ಮೂರು ದಶಕ ಪರರ ದೂರು ಕೇಳಿದವರಿಗೆ ಈಗ ತಮ್ಮದೇ ಒಂದು ದೂರು ಇತ್ತು. ಆದರೆ ಅವರು ಅದನ್ನು ಬಂಡವಾಳವಾಗಿಸಿಕೊಳ್ಳಲಿಲ್ಲ.

ಅವರು ಕೈಹಾಕಿದ್ದು ಬೇರೆ ಕೆಲಸಕ್ಕೆ. 1944ರಿಂದ 1965ರವರೆಗೆ 'ಜೀವನ' ಮಾಸಪತ್ರಿಕೆಯ ಸಂಪಾದಕರಾಗಿ, ಇತರ ಲೇಖಕರ ಬರಹಗಳಿಗೆ ಜಾಗ ಒದಗಿಸಿದರು. ಜೀವನ ಕಾರ್ಯಾಲಯದ ಮೂಲಕ ತಮ್ಮ ಪುಸ್ತಕಗಳನ್ನು ಪ್ರಕಟಿಸಿದರು. ಪುಸ್ತಕ ಮಾರುವುದರಲ್ಲಿ ಅವರಿಗೆ ಸಂಕೋಚವಿರಲಿಲ್ಲ, ಪುಸ್ತಕ ಮಾರಲೆಂದೇ ಇರುವುದು. 1929ರಲ್ಲಿ ಬೆಳಗಾವಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿದ್ದ ಅವರು, ಮುಂದೆ ಕನ್ನಡ ಸಾಹಿತ್ಯ ಪರಿಷತ್ತಿನ ಹೊಣೆಯನ್ನೂ ಹೊತ್ತರು. 1968ರಲ್ಲಿ ಅವರ ಸಣ್ಣಕಥೆಗಳಿಗೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು.

ತಮ್ಮ ಕಥೆಯನ್ನು ಹೇಳಲು ಅವರು ತಡಮಾಡಿದರು. ಮೂರು ಸಂಪುಟಗಳ ಆತ್ಮಚರಿತ್ರೆ 'ಭಾವ' ಹೊರಬರತೊಡಗಿದ್ದು 1960ರ ದಶಕದ ಕೊನೆಯಲ್ಲಿ. ಹುದ್ದೆ ಬಿಟ್ಟು ಕಾಲು ಶತಮಾನವಾಗಿತ್ತು, ವಯಸ್ಸು ಎಪ್ಪತ್ತೈದನ್ನು ದಾಟಿತ್ತು. ಅದರಿಂದ ಪಡೆಯಬೇಕಾದ ಬಡ್ತಿಯಾಗಲಿ ಒಲಿಸಿಕೊಳ್ಳಬೇಕಾದ ಮೇಲಧಿಕಾರಿಯಾಗಲಿ ಆಗ ಇರಲಿಲ್ಲ. ಸ್ವಂತ ಕಥೆಯನ್ನು ಅವರು ಹೇಳಿಕೊಂಡದ್ದು ಅದರಿಂದ ಲಾಭವೇನೂ ಉಳಿಯದ ಹೊತ್ತಿನಲ್ಲಿ.

1986ರ ಜೂನ್ 6ರಂದು, ತಮ್ಮ 95ನೆಯ ಹುಟ್ಟುಹಬ್ಬದ ದಿನವೇ ಮಾಸ್ತಿಯವರು ಬೆಂಗಳೂರಿನಲ್ಲಿ ಕಣ್ಮುಚ್ಚಿದರು.

ಕಕ್ಷಿದಾರನ ಕಥೆ ಯಾರ ಸೊತ್ತು?

ಕೋಲಾರದ ಜಿಲ್ಲಾ ನ್ಯಾಯಾಲಯದ ಆವರಣದಲ್ಲಾಗಲಿ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ತಾಲ್ಲೂಕು ನ್ಯಾಯಾಲಯಗಳ ಮುಂದಾಗಲಿ ಇಂದೂ ಹಳ್ಳಿಯ ಜನ ಪಹಣಿಯ ಪ್ರತಿಯನ್ನು ಮಡಿಚಿಟ್ಟುಕೊಂಡು ತಮ್ಮ ವಕೀಲರಿಗಾಗಿ ಕಾಯುತ್ತಾರೆ. ಅವರು ಹೇಳುವ ಕಥೆಗಳು ಮಾಸ್ತಿಯವರ ಕಾಲದ ಮೊಕ್ಕಾಮಿನಲ್ಲಿ ಕೇಳಿಬರುತ್ತಿದ್ದ ಕಥೆಗಳಿಗಿಂತ ಬಹಳ ಬೇರೆಯಲ್ಲ. ಬದಲಾಗಿರುವುದು ಕೇಳುವವನ ಕೈಯಲ್ಲಿರುವ ಸಾಧನ. ಒಂದು ಕಥೆಯನ್ನು ಲಕ್ಷ ಜನರಿಗೆ ತಲುಪಿಸಲು ಇಂದು ನಿಮಿಷ ಸಾಕು.

ಭಾರತದ ಕಾನೂನು ಈ ವಿಷಯದಲ್ಲಿ ಬಿಗಿಯಾಗಿದೆ. 1961ರ ವಕೀಲರ ಕಾಯಿದೆಯಡಿ ಭಾರತೀಯ ವಕೀಲರ ಪರಿಷತ್ತು ರೂಪಿಸಿದ ನಿಯಮಗಳಲ್ಲಿ 36ನೆಯದು ಜಾಹೀರಾತನ್ನೂ ಕಕ್ಷಿದಾರರಿಗೆ ಗಾಳ ಹಾಕುವುದನ್ನೂ ನಿಷೇಧಿಸುತ್ತದೆ. ತಾನು ನಡೆಸಿದ ಮೊಕದ್ದಮೆಯ ಬಗ್ಗೆ ಪತ್ರಿಕೆಗೆ ಹೇಳಿಕೆ ಕೊಡಿಸುವುದು, ಚಿತ್ರ ಹಾಕಿಸುವುದು ಕೂಡ ಅದರ ವ್ಯಾಪ್ತಿಗೆ ಬರುತ್ತದೆ. ಕಚೇರಿಯ ಫಲಕವೂ ಅಳತೆ ಮೀರಬಾರದು. 2008ರಲ್ಲಿ ತಂದ ತಿದ್ದುಪಡಿ ಹೆಸರು, ವಿಳಾಸ, ನೋಂದಣಿ, ವಿದ್ಯಾರ್ಹತೆ, ಕೆಲಸ ಮಾಡುವ ಕಾನೂನು ಕ್ಷೇತ್ರ ಮುಂತಾದ ವಿವರಗಳನ್ನಷ್ಟೇ ಅಂತರ್ಜಾಲ ತಾಣದಲ್ಲಿ ನೀಡಲು ಅನುಮತಿಸಿತು. 2024ರ ಜುಲೈನಲ್ಲಿ ಮದರಾಸು ಹೈಕೋರ್ಟು, ವಕೀಲರ ಸೇವೆಯನ್ನು ಸರಕಿನಂತೆ ಮಾರುವ ತಾಣಗಳ ವಿರುದ್ಧ ಕ್ರಮಕ್ಕೆ ಸೂಚಿಸಿತು. 2025ರ ಮಾರ್ಚ್‌ನಲ್ಲಿ ಪರಿಷತ್ತು ಸಾಮಾಜಿಕ ಮಾಧ್ಯಮಗಳಲ್ಲಿನ ಪ್ರಚಾರದ ಕುರಿತು ಮತ್ತೆ ಎಚ್ಚರಿಸಿತು. ಅಮೆರಿಕದಲ್ಲಿ ಚಿತ್ರ ಬೇರೆ. ಅಲ್ಲಿನ ಸುಪ್ರೀಂ ಕೋರ್ಟು 1977ರಲ್ಲಿ ವಕೀಲರ ಜಾಹೀರಾತಿಗೆ ಬಾಗಿಲು ತೆರೆಯಿತು. ಗೆದ್ದ ಕಕ್ಷಿದಾರರ ಕಥೆಗಳು ಅಲ್ಲಿ ವ್ಯಾಪಾರದ ಸಾಮಾನ್ಯ ಉಪಾಯವಾಗಿವೆ.

ಜಾಹೀರಾತಿನ ನಿಷೇಧಕ್ಕಿಂತ ಆಳವಾದ ಕಟ್ಟೊಂದು ಇದರ ಹಿಂದಿದೆ. ಕಕ್ಷಿದಾರ ತನ್ನ ವಕೀಲನಿಗೆ ನಂಬಿ ಹೇಳಿದ್ದನ್ನು ಅವನ ಒಪ್ಪಿಗೆಯಿಲ್ಲದೆ ಹೊರಗೆಡಹಬಾರದು ಎಂದು 1872ರ ಸಾಕ್ಷ್ಯ ಕಾಯಿದೆಯ 126ನೇ ಕಲಂ ವಿಧಿಸಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 132ನೇ ಕಲಂ ಅದನ್ನು ಮುಂದುವರಿಸಿದೆ. ಮೊಕದ್ದಮೆ ಮುಗಿದರೂ ಈ ಹೊಣೆ ಮುಗಿಯುವುದಿಲ್ಲ. ಒಪ್ಪಿಗೆ ಪಡೆದೇ ಹೇಳಿದೆವೆಂಬ ಸಮಾಧಾನವೂ ಅರ್ಧ ಸತ್ಯ. ಜಮೀನು ಉಳಿಸಿಕೊಟ್ಟ ವಕೀಲ ಕೇಳಿದರೆ ಬೇಡವೆನ್ನುವ ಧೈರ್ಯ ಎಷ್ಟು ಬಡವರಿಗಿದೆ?

ಹೊಸಬರ ಕಷ್ಟವನ್ನೂ ಮರೆಯಲಾಗದು. ಹಳೆಯ ಮನೆತನದ ಹೆಸರಿಲ್ಲದ, ಹಿರಿಯರ ಕಚೇರಿಯ ನೆರಳಿಲ್ಲದ ಹಳ್ಳಿಯ ಯುವ ವಕೀಲ ತನ್ನನ್ನು ತಾನು ಪರಿಚಯಿಸಿಕೊಳ್ಳುವುದಾದರೂ ಹೇಗೆ? ಬಾಯಿಂದ ಬಾಯಿಗೆ ಹರಡುವ ಹೆಸರು ಈಗಾಗಲೇ ಹೆಸರಿದ್ದವರಿಗೇ ಅನುಕೂಲ. ಈ ಪ್ರಶ್ನೆಗೆ ನಿಯಮಗಳು ಪೂರ್ಣ ಉತ್ತರ ಕೊಟ್ಟಿಲ್ಲ. ಕಾನೂನನ್ನು ಜನರಿಗೆ ಅರ್ಥವಾಗುವಂತೆ ತಿಳಿಹೇಳುವುದು ಒಂದು ದಾರಿ. ಅದಕ್ಕೆ ಯಾರ ಮನೆಯ ಗುಟ್ಟೂ ಬೇಕಾಗದು.

ಮಾಸ್ತಿಯವರ ಬದುಕು ವಕೀಲರಿಗೆ ನಿಯಮಾವಳಿಯಲ್ಲ. ಆದರೆ ಅದರಲ್ಲಿ ಒಂದು ಅಳತೆಗೋಲು ಸಿಗುತ್ತದೆ. ಪರರ ಸಂಕಟವನ್ನು ಕಥೆಯಾಗಿಸುವುದು ತಪ್ಪಲ್ಲ, ಹಾಗೆ ಮಾಡದಿದ್ದರೆ ಮಂಗಮ್ಮನೂ ವೆಂಕಟಿಗನೂ ನಮಗೆ ದಕ್ಕುತ್ತಿರಲಿಲ್ಲ. ಆ ಕಥೆ ಕೇಳಿ ಮುಗಿದಾಗ ಮನಸ್ಸಿನಲ್ಲಿ ಉಳಿಯುವುದು ಯಾರು ಎಂಬುದನ್ನು ನೋಡಬೇಕು. ಕಕ್ಷಿದಾರ ಮರೆತುಹೋಗಿ ವಕೀಲನ ಹೆಸರೂ ಕಚೇರಿಯ ವಿಳಾಸವೂ ಉಳಿದರೆ ಅದು ಜಾಹೀರಾತು. ಮೊಸರಿನ ಬುಟ್ಟಿ ಇಳಿಸಿ ಕುಳಿತ ಮಂಗಮ್ಮನನ್ನು ಓದಿದ ಬಿಹಾರದ ಎಷ್ಟೋ ಮಕ್ಕಳಿಗೆ ಅದನ್ನು ಬರೆದ ಶ್ರೀನಿವಾಸ ಮೈಸೂರು ಸಂಸ್ಥಾನದ ದೊಡ್ಡ ಅಧಿಕಾರಿಯಾಗಿದ್ದರೆಂಬುದು ತಿಳಿದಿರಲಾರದು. ಮಂಗಮ್ಮನನ್ನು ಮಾತ್ರ ಅವರು ಬಲ್ಲರು.